ಉಗುರು, ಕೂದಲು

"ಕೈ ಬಿಡಿಸು ಹುಡುಗಿ. ನಿನ್ನ ಉಗುರಿನಲ್ಲಿ ಎಂತ, ಬಂಗಾರ ಉಂಟಾ?"

ಊರಿನ ಹಳೇ ಜಮೀನ್ದಾರರು, ಗುತ್ತಿನ ಮನೆಯ ತಾರಾನಾಥ ಧಣಿಗಳು ಇಷ್ಟು ಹೇಳಿದ್ದೇ ತಡ, ಸಮುದಾಯ ಭವನದಲ್ಲಿ ಕುರ್ಚಿ ಸಿಕ್ಕಿದವರೆಲ್ಲ ನಕ್ಕರು. ಕುರ್ಚಿ ಸಿಗದ ನಾವು, ಕೊರಗ ಕಾಲನಿಯವರು, ಗೋಡೆಗೆ ಒರಗಿ ನಿಂತಿದ್ದೆವು. ನಮ್ಮಲ್ಲೂ ಒಂದಿಬ್ಬರು ನಕ್ಕರು. ಧಣಿಗಳು ತಮಾಷೆ ಮಾಡಿದಾಗ ನಗದಿದ್ದರೆ ಅದನ್ನೂ ಅವರು ನೆನಪಿಟ್ಟುಕೊಳ್ಳುತ್ತಾರೆ.

ನನ್ನ ಮಗಳು ಮೋಕ್ಷಾ ಮಾತ್ರ ಮುಷ್ಟಿ ಬಿಡಿಸಲಿಲ್ಲ. ಅವಳಿಗೆ ಹದಿನಾಲ್ಕು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಕುಸಿದು ಬೀಳುತ್ತಾಳೆ. ತುಟಿ ಸುಣ್ಣದ ಹಾಗೆ ಬೆಳ್ಳಗಾಗಿದೆ. ಸರಕಾರಿ ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರಕ್ತ ಯಾಕೆ ಇಳಿಯುತ್ತಿದೆ ಎಂದು ದೊಡ್ಡ ಆಸ್ಪತ್ರೆಯಲ್ಲೇ ನೋಡಬೇಕು, ತಡ ಮಾಡಬೇಡ ಎಂದು ಅವರು ಹೇಳಿದ್ದರು. ನಾನು ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಗುಡಿಸಿ ಒರೆಸುವವಳು. ದೊಡ್ಡ ಆಸ್ಪತ್ರೆಯ ಎದುರೇ ದಿನಾ ಬಸ್ಸಿನಿಂದ ಇಳಿಯುತ್ತೇನೆ. ಒಳಗೆ ಹೋಗಿ ಕೇಳುವ ಧೈರ್ಯ ಬಂದಿರಲಿಲ್ಲ.

ಹಾಗಿರುವಾಗ ಸಂಶೋಧನಾ ಸಂಸ್ಥೆಯವರು ಕಾಲನಿಗೆ ಬಂದರು. ಮನೆಮನೆ ತಿರುಗಿದವಳು ಶಂಕರಪುರದ ಆಂಜೆಲಾ. ಹದಿಹರೆಯದ ಮಕ್ಕಳ ಆರೋಗ್ಯದ ಅಧ್ಯಯನ ಎಂದಳು. ನಮ್ಮ ಮಕ್ಕಳ ಮೈಯಲ್ಲಿ ಕಬ್ಬಿಣ ಎಷ್ಟಿದೆ, ಸತು ಎಷ್ಟಿದೆ, ಸೀಸದಂಥ ವಿಷ ಸೇರಿದೆಯೋ ಎಂದು ನೋಡುತ್ತಾರಂತೆ. ಅದಕ್ಕೆ ರಕ್ತ, ಕತ್ತಿನ ಹಿಂಭಾಗದ ಒಂದಿಷ್ಟು ಕೂದಲು, ಕೈಬೆರಳಿನ ಉಗುರು ಬೇಕಂತೆ.

"ಎಲ್ಲ ಸ್ಯಾಂಪಲ್ ಕೊಟ್ಟ ಮಕ್ಕಳಲ್ಲಿ ಹುಷಾರಿಲ್ಲದವರನ್ನು ಅದೇ ದಿನ ನಮ್ಮ ವ್ಯಾನಿನಲ್ಲಿ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇವೆ ಬೇಬಿಯಕ್ಕ. ನಿಮಗೆ ಖರ್ಚಿಲ್ಲ" ಎಂದಿದ್ದಳು. ನಾನು ಮರುಮಾತಿಲ್ಲದೆ ಒಪ್ಪಿದೆ.

ಒಪ್ಪದವಳು ನನ್ನ ಅಮ್ಮ ತುಕ್ರು. ಎಪ್ಪತ್ತು ಆಗಿರಬೇಕು ಅವಳಿಗೆ. ಸಮುದಾಯ ಭವನದ ಕ್ಯಾಂಪಿಗೆ ಬರಬೇಡ ಎಂದರೂ ಕೇಳದೆ ಹಿಂದೆಯೇ ಬಂದು, ಮೊಮ್ಮಗಳ ಕಿವಿಯಲ್ಲಿ "ಮುಷ್ಟಿ ಬಿಡಬೇಡ" ಎಂದವಳೂ ಅವಳೇ.

"ಕೊಡು ಮಗಾ. ಮತ್ತೆ ಬೆಳೆಯುವ ಉಗುರು ಅಲ್ವಾ" ಎಂದು ನಾನೇ ಮೋಕ್ಷಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬೆರಳು ತಣ್ಣಗಿದ್ದವು. ಆಂಜೆಲಾ ಉಗುರು ಕತ್ತರಿಸಿ ಸಣ್ಣ ಲಕೋಟೆಗೆ ಹಾಕಿದಳು. ಜಡೆ ಎತ್ತಿ, ಬುಡದಿಂದಲೇ ಕೂದಲು ಕತ್ತರಿಸಿ ಇನ್ನೊಂದು ಲಕೋಟೆಗೆ ಹಾಕಿದಳು.

ಅಮ್ಮ ಮೇಜಿನ ಹತ್ತಿರ ಬಂದಳು.

"ಮಗಾ, ಇದನ್ನು ಯಾರಿಗೆ ತಿನ್ನಿಸ್ತೀರಿ?"

ಆಂಜೆಲಾ ಕಿಸಕ್ಕನೆ ನಕ್ಕಳು. "ಎಂತ ಅಜ್ಜಿ ನೀವು! ಉಗುರು ಯಾರಾದ್ರೂ ತಿಂತಾರಾ? ಇದನ್ನು ಮಿಷನಿಗೆ ಹಾಕುವುದು ಮಾರಾಯ್ತಿ."

ಅವಳ ಮೇಲಧಿಕಾರಿ ಡಾಕ್ಟರ್ ಪ್ರಖ್ಯಾತ್ ಕೂಡ ನಕ್ಕರು. ಒಳ್ಳೆಯ ಹುಡುಗ, ನಗುವಾಗ ಹಲ್ಲು ಚೆಂದ ಕಾಣುತ್ತದೆ. ನಗದವರು ತಾರಾನಾಥ ಧಣಿಗಳೊಬ್ಬರೇ. ಅವರು ಜೇಬಿನಿಂದ ಫೋನ್ ತೆಗೆದು ಸುಮ್ಮನೆ ಉಜ್ಜತೊಡಗಿದರು.

ಆಂಜೆಲಾಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಯಾರು ಹೇಳಿದ್ದಾರೆ? ಬುಟ್ಟಿ ಹೆಣೆಯುವುದು, ಡೋಲು ಬಡಿಯುವುದು ನಮ್ಮ ಕೆಲಸ ಎಂದು ಪುಸ್ತಕದಲ್ಲಿ ಇರುತ್ತದೆ. ದೊಡ್ಡ ಮನೆಗಳ ರೋಗ ತಿನ್ನುವುದೂ ನಮ್ಮ ಕೆಲಸವಾಗಿತ್ತು. ಅಲ್ಲಿ ಮಗು ಕಾಯಿಲೆ ಬಿದ್ದರೆ ಅದರ ಕೂದಲು, ಉಗುರು ಅನ್ನದಲ್ಲಿ ಕಲಸಿ ಕೊರಗರಿಗೆ ಬಡಿಸುತ್ತಿದ್ದರು. ತಿಂದರೆ ರೋಗ ಆ ಮಗುವನ್ನು ಬಿಟ್ಟು ನಮ್ಮ ಹೊಟ್ಟೆಗೆ ಇಳಿಯುತ್ತದೆಂದು ನಂಬಿಕೆ. ಅಜಲು ಎಂದು ಅದರ ಹೆಸರು. ಈಗ ಕಾನೂನು ಬಂದಿದೆ, ಮಾಡಿದವರಿಗೆ ಜೈಲು. ಅಮ್ಮ ತಿಂದದ್ದು ಕಾನೂನು ಬರುವುದಕ್ಕೆ ಎಷ್ಟೋ ಮೊದಲು, ಅವಳು ಲಂಗ ಉಡುವ ವಯಸ್ಸಿನಲ್ಲಿ.

ಗುತ್ತಿನ ಮನೆಯ ದನದ ಹಟ್ಟಿಯ ಹಿಂದೆ ಎಲೆ ಹಾಕಿದ್ದರಂತೆ. ಅಮ್ಮನಿಗೂ ಅವಳ ತಮ್ಮ ಐತನಿಗೂ. ಕುಚ್ಚಲಕ್ಕಿ ಅನ್ನ, ಅದರ ಮೇಲೆ ಎಂದೂ ಕಾಣದಷ್ಟು ತುಪ್ಪ. ಕೂದಲು ಅಮ್ಮನ ಗಂಟಲಿಗೆ ಸಿಕ್ಕಿಕೊಂಡಿತು. ಮನೆಯವರು ಆಚೆ ತಿರುಗಿದಾಗ ಉಗಿದಳು. ಐತ ಹಸಿದಿದ್ದ. ತನ್ನ ಎಲೆ ಮುಗಿಸಿ ಅಕ್ಕನ ಎಲೆಯನ್ನೂ ಖಾಲಿ ಮಾಡಿದ. ವಾರದೊಳಗೆ ಹೊಟ್ಟೆ ಹಿಡಿದುಕೊಂಡು, ಕಾರಿಕೊಂಡು ಸತ್ತ.

ಅವನು ಸತ್ತದ್ದು ಅಮ್ಮನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಇವತ್ತಿಗೂ ಉಣ್ಣುವ ಮೊದಲು ಅನ್ನದಲ್ಲಿ ಬೆರಳಾಡಿಸಿ ಹುಡುಕುತ್ತಾಳೆ. ಬಾಗಿಲ ಮೂಲೆ ಕಡೆ ನೋಡಿ, "ನಿನಗೆ ಬೇಡ ಐತ, ನಾನು ನೋಡಿ ಕೊಡ್ತೇನೆ ತಡಿ" ಎನ್ನುತ್ತಾಳೆ. ಸಣ್ಣವಳಿದ್ದಾಗ ನಾನೂ ಆ ಮೂಲೆಗೆ ಬೆನ್ನು ಹಾಕಿ ಉಣ್ಣುತ್ತಿರಲಿಲ್ಲ. ಈಗ ಮೋಕ್ಷಾಳೂ ಅದಕ್ಕೆ ಬೆನ್ನು ಹಾಕುವುದಿಲ್ಲ. ಅವಳು ಮೊದಲ ಸಲ ತಲೆ ತಿರುಗಿ ಬಿದ್ದಾಗ ಅಮ್ಮ ಅಳಲಿಲ್ಲ. "ತಿಂದ ರೋಗ ಎಲ್ಲಿಗೆ ಹೋಗ್ತದೆ? ನಮ್ಮ ಹೊಟ್ಟೆಯಲ್ಲೇ ಉಂಟು. ಐತನದ್ದು ಮುಗಿಸಿ ಈಗ ಇವಳ ರಕ್ತ ಕುಡೀತಾ ಉಂಟು" ಎಂದಳು. ಹಾಗೆಲ್ಲ ಇಲ್ಲ ಎಂದು ನಾನು ಬೈದೆ. ಬೈದ ಮೇಲೆ ನನಗೇ ಹೆದರಿಕೆಯಾಯಿತು.

ಕಾಲನಿಯ ಮಕ್ಕಳದ್ದೆಲ್ಲ ಮುಗಿಯುವಾಗ ಊಟದ ಹೊತ್ತಾಗಿತ್ತು. ಕ್ಯಾಂಪಿನ ಊಟ ಧಣಿಗಳ ಕೊಡುಗೆ. ನಮಗೆ ಹೊರಗೆ ತಗಡು ಶೀಟಿನ ಮಾಡಿನ ಕೆಳಗೆ ಕಾಗದದ ತಟ್ಟೆ. ಒಳಗೆ ಮೇಜಿನ ಮೇಲೆ ಧಣಿಗಳಿಗೆ, ಡಾಕ್ಟರಿಗೆ ಸ್ಟೀಲಿನ ತಟ್ಟೆ. ಬಡಿಸಲು ಬೇರೆಯವರಿದ್ದರು. ಎಂಜಲು ತಟ್ಟೆ ಎತ್ತಲು ನನ್ನನ್ನು ಒಳಗೆ ನಿಲ್ಲಿಸಿಕೊಂಡಿದ್ದರು. ಅಮ್ಮ, ಮೋಕ್ಷಾ ಬಾಗಿಲಲ್ಲಿ ವ್ಯಾನಿಗೆ ಕಾಯುತ್ತಿದ್ದರು.

ಡಾಕ್ಟರು ಧಣಿಗಳ ಪಕ್ಕ ಕುಳಿತು ನಯವಾಗಿ ಶುರು ಮಾಡಿದರು. "ಸರ್, ಹೋಲಿಸಿ ನೋಡ್ಲಿಕ್ಕೆ ಇದೇ ಊರಿನ ಬೇರೆ ಮನೆಗಳ ಮಕ್ಕಳದ್ದೂ ಬೇಕು. ನಿಮ್ಮ ಮೊಮ್ಮಗ ಹರ್ಷಿತ್‌ದು ಮೊದಲು ತೆಗೆದರೆ ಉಳಿದವರೂ ಒಪ್ತಾರೆ."

"ರಕ್ತ ಬೇಕಾದರೆ ತೆಗೀರಿ" ಎಂದರು ಧಣಿಗಳು. "ಕೂದಲು, ಉಗುರು ಆಗುದಿಲ್ಲ."

"ನೋವಾಗುದಿಲ್ಲ ಸರ್."

"ನೋವಿನ ಪ್ರಶ್ನೆ ಅಲ್ಲ ಮಾರಾಯ್ರೆ. ನಮ್ಮ ಮನೆಯವರ ಕೂದಲು, ಉಗುರು ಹೊರಗೆ ಹೋಗುವ ಕ್ರಮ ಇಲ್ಲ. ಯಾರ ಕೈಗೆ ಸಿಗ್ತದೆ, ಎಂತ ಮಾಡ್ತಾರೆ, ಹೇಳ್ಲಿಕ್ಕಾಗ್ತದಾ?"

ಡಾಕ್ಟರು ಒಂದು ಕ್ಷಣವೂ ವಾದ ಮಾಡಲಿಲ್ಲ. "ಆಯ್ತು ಸರ್. ನಿಮ್ಮ ನಂಬಿಕೆಯನ್ನು ನಾವು ಗೌರವಿಸ್ತೇವೆ."

ನನ್ನ ಮೈ ಉರಿಯಿತು. ನಮ್ಮ ಮಕ್ಕಳ ಮುಷ್ಟಿ ಬಿಡಿಸುವಾಗ ಈ ಗೌರವ ಎಲ್ಲಿ ಮಲಗಿತ್ತು?

"ಕ್ರಮ ಇಲ್ವಾ ಧಣಿ?"

ಅಮ್ಮ. ಬಾಗಿಲು ದಾಟಿ ಒಳಗೆ ಬಂದಿದ್ದಳು.

"ಹೊರಗೆ ಹೋಗುವ ಕ್ರಮ ಇಲ್ವಾ? ಮತ್ತೆ ನಾನು ತಿಂದದ್ದು ಯಾರದ್ದು?"

"ಏ ಮುದುಕಿ, ಹಗಲಲ್ಲೇ ಕುಡಿದಿದ್ದೀಯಾ? ಹೊರಗೆ ಹೋಗು."

"ನಿಮ್ಮದೇ ಧಣಿ. ನಿಮಗೆ ಜ್ವರ ಏರಿ ಕಣ್ಣು ಮೇಲೆ ಹೋದಾಗ. ನಿಮ್ಮ ಅಪ್ಪೆ ಕೈಯಾರೆ ಕಲಸಿ ತಂದರು. ನೀವು ಎದ್ದು ಕುಳಿತಿರಿ. ನನ್ನ ಐತ ಏಳಲಿಲ್ಲ."

ಮೇಜಿನ ತುದಿಯಲ್ಲಿ ಕುಳಿತಿದ್ದ ಹರ್ಷಿತ್ ಫೋನಿನಿಂದ ತಲೆಯೆತ್ತಿ ಅಜ್ಜನ ಮುಖ ನೋಡಿದ. ಅದೇ ಧಣಿಗಳಿಗೆ ಹೆಚ್ಚು ಚುಚ್ಚಿತೋ ಏನೋ.

"ಬೇವರ್ಸಿ ರಂಡೆ! ನನ್ನ ಅಮ್ಮನ ಹೆಸರು ಎತ್ತುತ್ತೀಯಾ? ನನ್ನ ಅನ್ನ ತಿಂದು ನನ್ನೆದುರೇ ಬೊಗಳ್ತೀಯಾ? ಡಾಕ್ಟ್ರೇ, ಇವಳ ಮೊಮ್ಮಗಳನ್ನು ಬಿಟ್ಟು ಬೇರೆ ಯಾರನ್ನಾದರೂ ಕರ್ಕೊಂಡು ಹೋಗಿ. ಇಲ್ಲದಿದ್ದರೆ ನಿಮ್ಮ ಕ್ಯಾಂಪು ಈ ಊರಿನಲ್ಲಿ ಇದೇ ಕೊನೆ."

ಡಾಕ್ಟರ ಚೆಂದದ ಮುಖ ಬಾಡಿತು. ಅವರು ಅಮ್ಮನ ಕಡೆ ತಿರುಗಿದರು. "ಅಜ್ಜಿ, ಹಳೆ ಕಥೆ ಈಗ ಬೇಡ. ಒಂದು ತಪ್ಪಾಯ್ತು ಹೇಳಿಬಿಡಿ. ಮೊಮ್ಮಗಳಿಗೆ ಔಷಧ ಆಗ್ಬೇಕಲ್ಲ?"

ನಾನು ಆಗಲೇ ಬಗ್ಗಿದ್ದೆ. ಸುಳ್ಳು ಯಾಕೆ ಹೇಳಲಿ, ಧಣಿಗಳ ಕಾಲು ಹಿಡಿಯಲು ಬಗ್ಗಿದ್ದೆ. ನನಗೆ ಮಗಳು ಬದುಕಿದರೆ ಸಾಕಿತ್ತು. ಅಮ್ಮ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ಅಷ್ಟು ಬಲ ಎಲ್ಲಿಂದ ಬಂತೋ. ಸೀದಾ ಆಂಜೆಲಾಳ ಮೇಜಿಗೆ ಹೋಗಿ, "ಮೋಕ್ಷಾಂದು ಯಾವುದು?" ಎಂದು ಕೇಳಿದಳು. ಆಂಜೆಲಾ ಡಾಕ್ಟರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಈಗ ಅವಳು ನಗುತ್ತಿರಲಿಲ್ಲ. ಎರಡು ಲಕೋಟೆ ಎತ್ತಿ ಅಮ್ಮನ ಕೈಗೆ ಕೊಟ್ಟಳು.

ಅಮ್ಮ ಲಕೋಟೆ ಹರಿದು ಧಣಿಗಳ ತಟ್ಟೆಗೆ ಸುರುವಿದಳು. ನನ್ನ ಮಗಳ ಉಗುರು, ನನ್ನ ಮಗಳ ಕೂದಲು. ಸಾಂಬಾರು ಬಿದ್ದ ಅನ್ನಕ್ಕೆ ಕೈ ಹಾಕಿ, ಮಗುವಿಗೆ ಕಲಸುವ ಹಾಗೆ ಕಲಸಿದಳು. ಯಾರೂ ತಡೆಯಲಿಲ್ಲ. ಅವಳು ಮುಟ್ಟಿದ ತಟ್ಟೆಯನ್ನು ಆ ಮೇಜಿನಲ್ಲಿದ್ದವರು ಎಳೆದುಕೊಳ್ಳುವ ಹಾಗಿರಲಿಲ್ಲ.

"ತಿನ್ನಿ ಧಣಿ" ಎಂದಳು. "ಆಗ ನಿಮ್ಮದು ನಾವು ತಿಂದೆವು. ಈಗ ನಮ್ಮದು ನೀವು ತಿನ್ನಿ. ಮಗು ಎದ್ದು ಓಡಾಡಲಿ."

ಧಣಿಗಳ ದನಿ ಒಡೆದುಹೋಗಿತ್ತು. "ಬೇಬಿ, ಎತ್ತು ಇದನ್ನು."

ನನ್ನ ಕೈ ತಟ್ಟೆಯವರೆಗೆ ತಾನಾಗಿಯೇ ಹೋಯಿತು, ಅಭ್ಯಾಸ. ಅಲ್ಲಿಂದ ಹಿಂದಕ್ಕೆ ತೆಗೆದುಕೊಂಡೆ.

"ಎತ್ತುದಿಲ್ಲ" ಎಂದೆ. "ಮೋಕ್ಷಾ, ಹೋಗಿ ವ್ಯಾನಿನಲ್ಲಿ ಕುಳಿತುಕೋ."

"ಬೇಬಿಯವ್ರೇ, ಸ್ಯಾಂಪಲ್ ಇಲ್ಲದೆ ನಾವು ಹೇಗೆ..." ಎಂದರು ಡಾಕ್ಟರು.

"ಸ್ಯಾಂಪಲ್ ತಟ್ಟೆಯಲ್ಲಿ ಉಂಟು. ಬೇಕಾದರೆ ಆರಿಸಿಕೊಳ್ಳಿ."

ಮೋಕ್ಷಾ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಇಳಿದಳು. ವ್ಯಾನಿನ ಮುಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು. ಡ್ರೈವರ್ ಇಳಿ ಎಂದ. ಅವಳು ಎದುರಿನ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಒಳಗೆ ಅಮ್ಮ ಧಣಿಗಳ ಕುರ್ಚಿಯ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಳು. ಕೈಗೆ ಅಂಟಿದ ಅನ್ನ ತೊಳೆದುಕೊಳ್ಳದೆ, ಅವರು ಮೊದಲ ತುತ್ತು ಎತ್ತುವುದನ್ನು ಕಾಯತೊಡಗಿದಳು.