ಬಿಸಿ ಆರದ ತಗಡು

ಗ್ಯಾರೇಜಿನ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಬೀದಿಗೆಲ್ಲ ಗೊತ್ತು. ಅವನ ಕೆಲಸದ ಬಗ್ಗೆ ಮಾತ್ರ ಎರಡು ಮಾತಿಲ್ಲ. ತುಕ್ಕು ತಿಂದ ಹಳೇ ಕಾರು ಬಂದರೆ ಒಳ್ಳೇ ಕಬ್ಬಿಣ ಹೊಳೆಯುವ ತನಕ ಕತ್ತರಿಸಬೇಕು, ಹೊಸ ತಗಡು ಬೆಸೆಯಬೇಕು, ಆಮೇಲೆ ಬಣ್ಣದ ಮಾತು. ತೂತಿಗೆ ಪುಟ್ಟಿ ಮೆತ್ತಿ ಕಳಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮೇಲೆ ಥಳುಕು ಒಳಗೆ ಹುಳುಕು ಮಾಡುವುದಕ್ಕಿಂತ ತಿರಿದು ತಿನ್ನುವುದು ವಾಸಿ ಅನ್ನುತ್ತಿದ್ದ. ಇಂಥವನ ಕೈಕೆಳಗೆ ಬೈಸಿಕೊಂಡು ಬೈಸಿಕೊಂಡೇ ಅವನ ಮಗಳು ಕೆಲಸ ಕಲಿತದ್ದು.

ಅವತ್ತು ಶೆಡ್ಡಿನಲ್ಲಿದ್ದದ್ದು ಅಪ್ಪನ ಹಳೇ ಗೆಳೆಯ ಟೈಲರನ ಕಾರು. ಗೆಳೆಯನ ಗಾಡಿ ತಾನೇ ಮಾಡಬೇಕೆಂದು, ಮಗಳಿಗೆ ಮುಟ್ಟಲೂ ಬಿಡದೆ ಅಪ್ಪ ಒಬ್ಬನೇ ರಿಪೇರಿ ಮಾಡಿ, ಊಟಕ್ಕೆ ಮನೆಗೆ ಹೋಗಿ ಮಲಗಿದ್ದ. ಬಣ್ಣಕ್ಕೆ ಮುಂಚೆ ಚಕ್ರ ಬಿಚ್ಚಿಡೋಣವೆಂದು ಮಗಳು ಕಾರಿನ ಬಾಗಿಲ ಕೆಳಗಿನ ಕಬ್ಬಿಣದ ಪಟ್ಟಿಗೆ ಜ್ಯಾಕ್ ಕೊಟ್ಟಳು. ಕಾರು ಮೇಲೇಳಲಿಲ್ಲ. ಜ್ಯಾಕೇ ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಒಳಗೆ ನುಗ್ಗಿತು. ಸ್ಕ್ರೂಡ್ರೈವರ್ ಹಾಕಿ ಕೆದಕಿದರೆ ಅಂಗೈಯಗಲದ ಪುಟ್ಟಿ ಕಳಚಿ ಬಿತ್ತು. ಅದರ ಹಿಂದೆ ಬರೀ ತುಕ್ಕಿನ ಪುಡಿ. ಗಾಡಿಯ ಭಾರವೆಲ್ಲ ನಿಲ್ಲುವ ಜಾಗವೇ ಅದು.

ಅಪ್ಪ ಸೋಮಾರಿಯಲ್ಲ, ಕಳ್ಳನಂತೂ ಅಲ್ಲ. ಮತ್ತೆ? ಆಗ ಒಂದೊಂದೇ ನೆನಪಾಯಿತು: ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟು ಒಡೆದದ್ದು, ಬೆಸೆಯುವ ಕೆಲಸ ಬಂದಾಗಲೆಲ್ಲ ‘ನೀನೇ ಮಾಡು, ಕಲಿ’ ಎಂದು ತಳ್ಳಿದ್ದು, ಯಾವುದನ್ನೇ ಆಗಲಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದದ್ದು. ಅಯ್ಯೋ, ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ! ಬೆಸುಗೆಯ ಗೆರೆ ಕಾಣದೆ, ಮಗಳ ಮುಂದೆ ಬಾಯಿ ಬಿಡಲಾರದೆ, ಬೆರಳಿಗೆ ನುಣ್ಣಗೆ ಸಿಗುವ ಪುಟ್ಟಿಗೆ ಶರಣಾಗಿದ್ದಾನೆ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳುವೂ ಬಂತು.

ಇದು ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಆ ಮಾನ ಬಿಟ್ಟರೆ ಅವನಿಗೆ ಬೇರೆ ಆಸ್ತಿಯಿಲ್ಲ. ಹೇಳದಿದ್ದರೆ ಟೈಲರನ ಜೀವ. ಹೇಳದೆಯೇ ಸರಿಮಾಡಿಬಿಡುತ್ತೇನೆ ಅಂದುಕೊಂಡಳು. ಕಿಡಿ ತಾಗದಂತೆ ಒಳಗಿನ ಕಾರ್ಪೆಟ್ ಕಿತ್ತೆಸೆದು, ಪಟ್ಟಿ ಕತ್ತರಿಸಿ, ಹೊಸ ತಗಡು ಬೆಸೆದು, ಉಜ್ಜಿ, ಪ್ರೈಮರ್ ಬಳಿಯುವ ಹೊತ್ತಿಗೆ ಅವಳ ಕೈ ಸೋತುಹೋಗಿತ್ತು. ಅಷ್ಟರಲ್ಲೇ ಅಪ್ಪನೂ ಟೈಲರನೂ ಹರಟುತ್ತ ಒಳಗೆ ಬಂದರು.

ಟೈಲರ್ ಹೊಗಳಿದ್ದೇ ಹೊಗಳಿದ್ದು. ಮೇಸ್ತ್ರಿಯ ಮಗಳು ಊರಲ್ಲಿಲ್ಲದಾಗ ಅವನೇ ರಿಪೇರಿ ಮಾಡಿಕೊಟ್ಟ ತನ್ನ ಮಗನ ಕಾರು ಕಲ್ಲಿನಂತಿದೆಯಂತೆ. ಮೊಮ್ಮಕ್ಕಳು ದಿನಾ ಅದರಲ್ಲೇ ಶಾಲೆಗೆ ಹೋಗಿ ಬರುತ್ತಾರಂತೆ. ಹಾಗಾದರೆ ಅದರಲ್ಲೂ ಪುಟ್ಟಿಯೇ ಇರಬೇಕೆಂದು ಮಗಳಿಗೆ ಹೊಳೆಯಿತು. ಈ ಒಂದು ಪಟ್ಟಿ ಸರಿಮಾಡಿ ಗೆದ್ದೆನೆಂದುಕೊಂಡಿದ್ದಳಲ್ಲ! ಇನ್ನು ಸುಮ್ಮನಿರುವುದು ಪಾಪ ಅನ್ನಿಸಿ “ಅಪ್ಪಾ” ಅಂದಳು.

ಬಗ್ಗಿ ಪಟ್ಟಿ ಸವರುತ್ತಿದ್ದ ಅಪ್ಪನ ಹೆಬ್ಬೆರಳು ಒಂದೇ ಕಡೆ ನಿಂತುಬಿಟ್ಟಿತ್ತು. ಬೆಸೆದ ತಗಡಿನ ಬಿಸಿ ಇನ್ನೂ ಆರಿರಲಿಲ್ಲ. ಬೆಳಿಗ್ಗೆ ಮೆತ್ತಿದ ಪುಟ್ಟಿ ಈ ಹೊತ್ತಿಗೆ ಬೆಚ್ಚಗಿರುವುದಿಲ್ಲ, ಅದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?

“ಇದು ನನ್ನ ಕೆಲಸ ಅಲ್ಲ ಕಣೋ, ಮಗಳದ್ದು,” ಅಂದ. “ಇದು ಗಟ್ಟಿಯಾಗಿದೆ. ನಿನ್ನ ಮಗನ ಕಾರಿಂದು ನನ್ನ ಕೆಲಸ, ಬರೀ ಪುಟ್ಟಿ ಮೆತ್ತಿದ್ದು. ಈಗಲೇ ಫೋನ್ ಮಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸೋಕೆ ಹೇಳು. ಮಕ್ಕಳು ಕೂತಿದ್ರೆ ಇಳಿಸ್ಲಿ.”

ಗೆಳೆಯ ತಮಾಷೆ ಮಾಡುತ್ತಿದ್ದಾನೆಂದು ಟೈಲರ್ ನಕ್ಕ. ಮುಖ ನೋಡಿದ ಮೇಲೆ ನಗು ಹಾಗೇ ಇಳಿಯಿತು. ಫೋನ್ ಹಿಡಿದು ಹೊರಗೆ ಓಡಿದ. ಕಾರು ಮನೆ ಮುಂದೆಯೇ ನಿಂತಿದೆ, ಯಾರೂ ಹತ್ತಿಲ್ಲವೆಂದು ಅಲ್ಲಿಂದಲೇ ಕೂಗಿ ಹೇಳಿದ. ಅವನು ಮತ್ತೆ ಒಳಗೆ ಬರಲಿಲ್ಲ.

“ಇನ್ನೂ ಯಾರ್ಯಾರದು ಇದೆ ಅಪ್ಪಾ?” ಮಗಳು ಕೇಳಿದಳು.

ಅಪ್ಪ ದನಿ ಬಂದ ಕಡೆಗೆ ಮುಖ ತಿರುಗಿಸಿದ. ಅವನ ಕಣ್ಣು ಅವಳ ಭುಜದಾಚೆ ಗೋಡೆಯನ್ನು ನೋಡುತ್ತಿತ್ತು.

“ಎಲ್ಲಾ ಹೇಳ್ತೀನಿ ಮಗಳೇ,” ಅಂದ. “ಮೊದಲು ಕೈ ಹಿಡ್ಕೊಂಡು ಸ್ಟೂಲ್ ಎಲ್ಲಿದೆ ತೋರ್ಸು.”