ಕ್ಲಚ್ಚಿಲ್ಲದ ಗಾಡಿ

ಮುರಾರಿ ಗಾಡಿ ಮಾರುವ ಮಾತೆತ್ತಿದ ದಿನವೇ ಊರ್ಮಿಳಾಗೆ ಅನುಮಾನ ಹುಟ್ಟಿತ್ತು.

ಡೊಂಬಿವಲಿ ಪೂರ್ವದಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಅವಳ ಗಂಡನಿಗೆ ಆ ಏಳು ಸೀಟಿನ ಡೀಸೆಲ್ ಗಾಡಿ ಎಂದರೆ ಪ್ರಾಣ. ವಾಶಿ ಮಾರ್ಕೆಟ್ಟಿನಿಂದ ತರಕಾರಿ ಬರುತ್ತಿದ್ದದ್ದು ಅದರಲ್ಲಿ, ಮಹಾಪೆಯ ಒಂದು ಆಫೀಸಿಗೆ ದಿನಾ ಇಡ್ಲಿ-ಚಟ್ನಿ ಹೋಗುತ್ತಿದ್ದದ್ದು ಅದರಲ್ಲಿ, ಬೇಸಗೆಯಲ್ಲಿ ಮನೆಮಂದಿಯೆಲ್ಲ ಉಡುಪಿಗೆ ಹೋಗುತ್ತಿದ್ದದ್ದೂ ಅದರಲ್ಲೇ. ಒದ್ದೆ ಛತ್ರಿ ಹಿಡಿದು ಯಾರಾದರೂ ಒಳಗೆ ಕೂತರೆ ಅವನು ಮುಖ ಸಿಂಡರಿಸುತ್ತಿದ್ದ. ಊರ್ಮಿಳಾ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದಳು. ಆದರೆ ಒಮ್ಮೆ ಅವರ ಫ್ಲ್ಯಾಟ್ ಸೊಸೈಟಿಯ ಗೇಟಿಗೆ ಗಾಡಿ ತಾಗಿಸಿದ ಮೇಲೆ ಕೀ ಅವಳ ಕೈಗೆ ಸಿಕ್ಕಿರಲಿಲ್ಲ.

ಅಂಥವನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವನೇ, ತಟ್ಟೆಯಿಂದ ತಲೆಯೆತ್ತದೆ ಹೇಳಿದ, "ಇಂಜಿನ್ ಹೋಗ್ತಾ ಬಂದಿದೆಯಂತೆ. ಜಟ್ಟೆಪ್ಪ ಹೇಳಿದ. ಇನ್ನು ರಿಪೇರಿ ಮಾಡಿಸಿ ಪ್ರಯೋಜನ ಇಲ್ಲ. ಬೇರೆ ಒಂದು ಸೆಕೆಂಡ್‌ಹ್ಯಾಂಡ್ ನೋಡುವ."

"ಹೋದ ತಿಂಗಳು ನೀವೇ ಹೇಳಿದ್ದಲ್ವಾ, ಇನ್ನೂ ಐದು ವರ್ಷ ಓಡ್ತದೆ ಅಂತ?"

"ಆಗ ಹೇಳಿದ್ದು ಆಗ. ಗಾಡಿ ನನ್ನ ಹತ್ರ ಕೇಳಿ ಹಾಳಾಗ್ತದಾ?"

ಅಷ್ಟು ಹೇಳಿ ಸಾರು ಸುರಿದುಕೊಂಡ. ಆ ಸಿಡುಕು ಅವನದಲ್ಲ ಎನಿಸಿತು ಊರ್ಮಿಳಾಗೆ. ಗಾಡಿಯ ಮೇಲೆ ಒಂದು ಗೀರು ಬಿದ್ದರೂ ಎರಡು ದಿನ ಅದರದ್ದೇ ಮಾತಾಡುವವನು, ಇಂಜಿನ್ನೇ ಹೋಯಿತು ಅನ್ನುವಾಗ ಇಷ್ಟು ಚುಟುಕಾಗಿ ಮುಗಿಸುವುದುಂಟೇ?

ಮುಂದಿನ ದಿನಗಳಲ್ಲಿ ಅನುಮಾನಕ್ಕೆ ಒಂದೊಂದೇ ಪುಷ್ಟಿ ಸಿಕ್ಕಿತು. ಫೋನು ಬಂದರೆ ಮುರಾರಿ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಿದ್ದ. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ಕಿಟ್ಟಿಯ ಜೊತೆ ಲಿಫ್ಟಿನ ಹತ್ತಿರ ನಿಂತು ಪಿಸುಗುಟ್ಟುತ್ತಿದ್ದ. ಕಿಟ್ಟಿ ಮೈಸೂರಿನ ಹುಡುಗ, ಮಹಾಪೆಯ ಐಟಿ ಕಂಪನಿಯಲ್ಲಿ ಕೆಲಸ. ಇಡ್ಲಿಯ ಡಬ್ಬಗಳ ಜೊತೆ ಅವನೂ ಬೆಳಿಗ್ಗೆ ಮುರಾರಿಯ ಗಾಡಿಯಲ್ಲೇ ಆಫೀಸಿಗೆ ಹೋಗುತ್ತಿದ್ದ. ಮೊದಲು ಊರ್ಮಿಳಾ ಕಂಡರೆ "ಆಂಟಿ, ಇವತ್ತೇನು ಸ್ಪೆಷಲ್?" ಎನ್ನುತ್ತಿದ್ದವನು ಈಗ ಅವಳನ್ನು ಕಂಡ ಕೂಡಲೇ ಮೊಬೈಲು ನೋಡುವವನ ಹಾಗೆ ತಲೆ ತಗ್ಗಿಸುತ್ತಿದ್ದ.

ಒಂದು ಸಂಜೆ ಮುರಾರಿ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನು ರಿಂಗಾಯಿತು. 'ಮಾನಸಿ ಸೀವುಡ್ಸ್' ಎಂಬ ಹೆಸರು ತೆರೆಯ ಮೇಲೆ ಮಿನುಗಿತು. ಊರ್ಮಿಳಾ ಎತ್ತಲಿಲ್ಲ. ರಿಂಗಾಗುವುದು ನಿಲ್ಲುವ ತನಕ ಎವೆಯಿಕ್ಕದೆ ನೋಡುತ್ತ ನಿಂತಳು.

ಸೋಫಾದ ಮೇಲೆ ಓದುತ್ತ ಬಿದ್ದಿದ್ದ ಮಗಳು ಶ್ರೀವಾಣಿ, "ಕಿಸ್ಕಾ ಫೋನ್ ಹೈ?" ಎಂದಳು. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ.

"ಸೀವುಡ್ಸ್‌ನಲ್ಲಿ ನಮ್ಮವರು ಯಾರಿದ್ದಾರೆ?"

"ಅಮ್ಮಾ, ಹರ್ ಬಾತ್ ಪೆ ಶಕ್ ಮತ್ ಕರೋ." ಎಲ್ಲದಕ್ಕೂ ಅನುಮಾನ ಪಡಬೇಡ ಎಂದು ಮಗಳು ಮತ್ತೆ ಪುಸ್ತಕಕ್ಕೆ ತಿರುಗಿದಳು. ಆದರೆ ಊರ್ಮಿಳಾಗೆ ಅನ್ನ ರುಚಿಸಲಿಲ್ಲ. ಮಾನಸಿ ಯಾರು? ಗಾಡಿ ಮಾರಿದ ದುಡ್ಡು ಎಲ್ಲಿಗೆ ಹೋಗಲಿದೆ? ಕಿಟ್ಟಿಗೆ ಇದರಲ್ಲಿ ಏನು ಲಾಭ?

ಸೋಮವಾರ ಅವಳು ಅಂಬರನಾಥದ ಶಿವ ದೇವಸ್ಥಾನಕ್ಕೆ ಹೋಗಿಬರುತ್ತೇನೆಂದು ಹೊರಟಳು. ಹೋದದ್ದು ನಿಜ. ಬರುವಾಗ ಮಾತ್ರ ಕಲ್ಯಾಣದಲ್ಲಿ ಲೋಕಲ್ ರೈಲಿನಿಂದ ಇಳಿದು, ರಿಕ್ಷಾ ಹಿಡಿದು, ಪತ್ರಿಪುಲ್ ಸೇತುವೆ ದಾಟಿ ಜಟ್ಟೆಪ್ಪನ ಗ್ಯಾರೇಜಿಗೆ ಹೋದಳು. ಇಂಡಿ ಕಡೆಯ ಜಟ್ಟೆಪ್ಪ ಬಹಳ ವರ್ಷಗಳಿಂದ ಅವರ ಗಾಡಿ ನೋಡುತ್ತಿದ್ದವನು. ಕೈಯೊರೆಸಿಕೊಳ್ಳುತ್ತ ಬಂದ.

"ಬರ್ರಿ ಅಕ್ಕಾರ. ಒಬ್ಬರ ಬಂದೀರಲ್ರೀ?"

"ಇಂಜಿನ್ ಹೋಗ್ತಾ ಬಂದಿದೆಯಂತಲ್ಲ? ಸರಿ ಮಾಡ್ಲಿಕ್ಕೇ ಆಗುದಿಲ್ವಾ ಅಂತ ಕೇಳುವ ಅಂತ ಬಂದೆ."

ಜಟ್ಟೆಪ್ಪ ಅವಳ ಮುಖವನ್ನೇ ನೋಡಿದ. "ಇಂಜಿನ್ನಾ? ಯಾರ್ ಹೇಳಿದ್ರು?"

"ನೀವೇ ಹೇಳಿದಿರಂತೆ."

"ಏ, ನಾ ಯಾಕ ಹೇಳ್ಲಿರಿ? ಇಂಜಿನ್ ಗಟ್ಟಿ ಐತ್ರಿ. ಕ್ಲಚ್ ಒಂದ ಸವದೈತಿ. ಅದನ್ನ ಹಾಕಿಸ್ಕೊಂಡ್ರ ಗಾಡಿ ಚಲೋ ಓಡತೈತಿ. ಅಣ್ಣಾರಿಗೂ ಹಂಗ ಹೇಳೀನಲ್ರಿ." ಆಮೇಲೆ, ಬಾಯಿ ತಪ್ಪಿ ಏನೋ ಹೇಳಿಬಿಟ್ಟೆ ಎನಿಸಿತೇನೋ, ಚಹಾ ತರಿಸಲೇ ಎಂದು ಕೇಳಿದ. ಊರ್ಮಿಳಾಗೆ ಚಹಾ ಬೇಕಿರಲಿಲ್ಲ.

ಗಂಡ ಸುಳ್ಳು ಹೇಳಿದ್ದ. ಮದುವೆಯಾದ ಮೇಲೆ ಜಗಳಗಳಾಗಿದ್ದವು, ಮಾತು ಬಿಟ್ಟ ದಿನಗಳಿದ್ದವು, ಆದರೆ ಹೀಗೆ ನೆತ್ತಿಗೆ ಹೊಡೆದ ಹಾಗೆ ಒಂದು ಸುಳ್ಳು ಅವಳ ಕೈಗೆ ಸಿಕ್ಕಿದ್ದು ಇದೇ ಮೊದಲು. ಲೋಕಲ್ಲಿನ ಲೇಡೀಸ್ ಬೋಗಿಯಲ್ಲಿ ಯಾರದೋ ಮೊಣಕೈ ತಿವಿಯುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಮನೆಗೆ ಬಂದು ಏನನ್ನೂ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ, ಕಣ್ಣಾರೆ ನೋಡಿಯೇ ತೀರುತ್ತೇನೆ ಎಂದುಕೊಂಡಳು.

ಭಾನುವಾರ ಮುರಾರಿ, "ಸೀವುಡ್ಸ್‌ನಲ್ಲಿ ಒಂದು ಗಾಡಿ ಉಂಟು. ನಾನೂ ಕಿಟ್ಟಿಯೂ ನೋಡಿಕೊಂಡು ಬರ್ತೇವೆ" ಎಂದ.

"ನಾನೂ ಬರ್ತೇನೆ."

"ನೀನು ಯಾಕೆ ಈ ಬಿಸಿಲಿಗೆ?"

"ನಾನು ಕೂತುಕೊಳ್ಳುವ ಗಾಡಿ ಅಲ್ವಾ?"

ಅವನು ಕಿಟ್ಟಿಯ ಮುಖ ನೋಡಿದ. ಕಿಟ್ಟಿ ನೆಲ ನೋಡಿದ. ಕೆಳಗೆ ಬಂದ ಮೇಲೆ ಮುರಾರಿ ಹಳೆಯ ಗಾಡಿಯ ಕೀಯನ್ನು ಕಿಟ್ಟಿಯ ಕೈಗಿತ್ತು, "ನೀನೇ ಬಿಡು ಮಾರಾಯ, ನನಗೆ ಸೊಂಟ ಹಿಡಿದಿದೆ" ಎಂದು ಎಡಬದಿಯ ಸೀಟು ಹತ್ತಿದ. ಕಟ್ಟಿಕೊಂಡ ಹೆಂಡತಿಗೇ ಕೊಡದ ಕೀ! ಊರ್ಮಿಳಾ ಹಿಂದೆ ಕೂತು ಶಿಲ್‌ಫಾಟಾ, ಮಹಾಪೆ ದಾಟಿ ಸೀವುಡ್ಸ್ ಬರುವ ತನಕ ಕಿಟ್ಟಿಯ ಕೈಯಲ್ಲಿದ್ದ ಸ್ಟೀರಿಂಗನ್ನೇ ನೋಡುತ್ತಿದ್ದಳು.

ಮಾನಸಿ ಎಂಬುವಳು ಕನ್ನಡಕ ಹಾಕಿಕೊಂಡ, ನಡುವಯಸ್ಸಿನ, ಗಡಿಬಿಡಿಯ ಮರಾಠಿ ಹೆಂಗಸು. ಅವಳ ಸೊಸೈಟಿಯ ಪಾರ್ಕಿಂಗಿನಲ್ಲಿ ಬಿಳಿಯ ಗಾಡಿ ತೊಳೆದು ನಿಲ್ಲಿಸಿತ್ತು. ಪುಣೆಗೆ ವರ್ಗವಾಗಿದೆ, ಅದಕ್ಕೆ ಮಾರುತ್ತಿದ್ದೇನೆ ಎಂದು ಕೇಳುವ ಮೊದಲೇ ಹಿಂದಿಯಲ್ಲಿ ಹೇಳಿದಳು. ಅವಳಿಗೂ ಇವರ ಮೇಲೆ ನಂಬಿಕೆಯಿರಲಿಲ್ಲ. ಕೀ ಕೊಡುವ ಮುಂಚೆ ಮುರಾರಿಯ ಲೈಸೆನ್ಸಿನ ಫೋಟೊ ತೆಗೆದುಕೊಂಡಳು, ಟ್ರಯಲ್ಲಿಗೆ ತಾನೂ ಬರುತ್ತೇನೆ ಎಂದು ಹಿಂದಿನ ಸೀಟಿನಲ್ಲಿ ಊರ್ಮಿಳಾಳ ಪಕ್ಕಕ್ಕೆ ಕೂತಳು. ಹತ್ತಿರದಿಂದ ನೋಡಿದ ಮೇಲೆ ಊರ್ಮಿಳಾಗೆ ಒಂದು ಅನುಮಾನ ಕಳೆಯಿತು. ಈ ಹೆಂಗಸಿಗೂ ಮುರಾರಿಗೂ ಮಾರಾಟದ ಮಾತು ಬಿಟ್ಟು ಬೇರೆ ಏನೂ ಇಲ್ಲ. ಆದರೆ ಉಳಿದದ್ದು ಹಾಗೇ ಇತ್ತು. ಒಳಗೆ ಘಾಟು ಸೆಂಟು ಹೊಡೆದಿದ್ದರು. ಯಾವ ವಾಸನೆ ಮುಚ್ಚಲು ಎಂದು ಅವಳು ಕಾಲ ಕೆಳಗಿನ ಮ್ಯಾಟ್ ಎತ್ತಿ ಮೂಸಿದಳು. ಮಾನಸಿ ಹುಬ್ಬು ಗಂಟಿಕ್ಕಿದಳು.

"ಕಂಡಿಷನ್ ಸೂಪರಾಗಿದೆ ಆಂಟಿ. ಆಟೊಮ್ಯಾಟಿಕ್ ಬೇರೆ. ಗೇರ್ ಹಾಕೋ ಹಾಗೇ ಇಲ್ಲ, ಕ್ಲಚ್ಚೇ ಇಲ್ಲ" ಎಂದ ಕಿಟ್ಟಿ, ಮುಂದಿನಿಂದ ತಿರುಗಿ.

ಮುರಾರಿಯ ಸೊಂಟದ ನೋವು ಎಲ್ಲಿ ಹೋಯಿತೋ. ಪಾಮ್ ಬೀಚ್ ರಸ್ತೆಗೆ ಗಾಡಿ ಹೊರಳಿದ್ದೇ ತಡ, ಅವನ ಭುಜಗಳು ಸಡಿಲಾದವು. ತಿಂಗಳುಗಳಿಂದ ಕಾಣದ ನಗು ಕನ್ನಡಿಯಲ್ಲಿ ಕಂಡಿತು. ಊರ್ಮಿಳಾ ಕೊರಳು ಚಾಚಿ ನೋಡಿದಳು. ಬಲಗಾಲು ಒತ್ತುತ್ತಿತ್ತು, ಬಿಡುತ್ತಿತ್ತು. ಎಡಗಾಲು ಮಾತ್ರ ಬದಿಗೆ ಓರೆಯಾಗಿ, ಯಾರೋ ತಂದಿಟ್ಟ ಸಾಮಾನಿನ ಹಾಗೆ ಅಲುಗಾಡದೆ ಬಿದ್ದಿತ್ತು.

ವಾಪಸು ಬಂದು ಗಾಡಿ ನಿಲ್ಲಿಸಿದರು. ನಡುಮಧ್ಯಾಹ್ನ, ಮೇ ತಿಂಗಳು. ಅಂಗಳದ ಸಿಮೆಂಟ್ ಇಟ್ಟಿಗೆಗಳು ಕಾವಲಿಯ ಹಾಗೆ ಕಾದಿದ್ದವು. ಮುರಾರಿ ಇಳಿದು, ಬಾನೆಟ್ ಸುತ್ತಿಕೊಂಡು ನೆರಳಿನ ಬೆಂಚಿನ ಕಡೆ ಹೊರಟ. ಅವನ ಎಡಗಾಲಿನ ಚಪ್ಪಲಿ ಗಾಡಿಯ ಬಾಗಿಲ ಬಳಿಯೇ ಉಳಿಯಿತು. ಅವನು ನಿಲ್ಲಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ. ಬರಿಗಾಲನ್ನು ಆ ಕಾವಲಿಯ ಮೇಲೆ ಊರುತ್ತ, ಕಿಟ್ಟಿಗೆ ಮೈಲೇಜಿನ ಬಗ್ಗೆ ಏನೋ ಹೇಳುತ್ತ, ಬೆಂಚಿನ ತನಕ ನಡೆದುಹೋದ.

ಊರ್ಮಿಳಾ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡಳು.

"ಇವ್ರೆ, ನಿಮ್ಮ ಚಪ್ಪಲಿ."

ಮುರಾರಿ ಬಗ್ಗಿ ನೋಡಿಕೊಂಡ. ಬರಿಗಾಲನ್ನು ಕಂಡ ಮೇಲಷ್ಟೇ ಅವನಿಗೆ ಗೊತ್ತಾದದ್ದು. ಮುಖ ಬಿಳಿಚಿತು. ಕಿಟ್ಟಿ ಆಚೆ ತಿರುಗಿಕೊಂಡ. ಆ ತಿರುಗುವಿಕೆಯಲ್ಲಿ ಊರ್ಮಿಳಾಗೆ ಎಲ್ಲ ತಿಳಿದುಹೋಯಿತು.

"ನಿನಗೆ ಗೊತ್ತಿತ್ತು, ಅಲ್ವಾ ಕಿಟ್ಟಿ?"

"ಹೇಳಿಬಿಡೋಣ ಅಂದೆ ಆಂಟಿ. ಅಂಕಲ್ ಬೇಡ ಅಂದ್ರು. ಮಹಾಪೆ ಸಿಗ್ನಲ್‌ನಲ್ಲಿ ಅವತ್ತು ಕ್ಲಚ್ ಮೇಲೆ ಕಾಲು ಇದೆಯೋ ಇಲ್ವೋ ಅವರಿಗೆ ಗೊತ್ತೇ ಆಗ್ಲಿಲ್ಲ. ಗಾಡಿ ಡಿವೈಡರ್ ಹತ್ತಿಬಿಡ್ತು. ಪುಣ್ಯಕ್ಕೆ ಯಾರೂ ಇರ್ಲಿಲ್ಲ."

ಊರ್ಮಿಳಾ ಗಂಡನ ಪಕ್ಕ ಕೂತಳು. ಅವನು ತಗ್ಗಿದ ದನಿಯಲ್ಲಿ ಹೇಳಿದ, "ಮಳೆಗಾಲ ಮುಗಿದ ಮೇಲೆ ಶುರುವಾದದ್ದು. ಮೊದಲು ಜುಮುಜುಮು ಅಂತಿತ್ತು. ಆಮೇಲೆ ಎಂತದೂ ಇಲ್ಲ. ಇದೇ ಸಕ್ಕರೆ ಕಾಯಿಲೆಯಲ್ಲಿ ನಮ್ಮ ಅಣ್ಣನ ಕಾಲು ತೆಗೆದದ್ದು ನೀನೂ ನೋಡಿದ್ದೀಯಲ್ಲ. ಡಾಕ್ಟ್ರ ಹತ್ರ ಹೋದರೆ ನನ್ನದೂ ಹಾಗೇ ಆದರೆ? ಹೋಟೆಲಿನ ಗಲ್ಲಾಪೆಟ್ಟಿಗೆ ಹತ್ರ ಕೂರ್ತಿದ್ದವನನ್ನು ಕಡೆಗೆ ಎತ್ತಿ ಕೂರಿಸ್ಲಿಕ್ಕೆ ಇಬ್ಬರು ಬೇಕಿತ್ತು."

ಅವಳಿಗೆ ಸಿಟ್ಟು ಬಂತು, ಅಳು ಬಂತು. ಯಾವುದನ್ನೂ ಹೊರಗೆ ಬಿಡಲಿಲ್ಲ. ಮಾನಸಿ ದೂರದಲ್ಲಿ ನಿಂತು ಇವರನ್ನೇ ನೋಡುತ್ತಿದ್ದಳು. ಇವರೇನೋ ಬೆಲೆ ಇಳಿಸುವ ನಾಟಕ ಆಡುತ್ತಿದ್ದಾರೆ ಎಂದುಕೊಂಡಿರಬೇಕು.

ಕಿಟ್ಟಿ ಮೆಲ್ಲಗೆ ಹೇಳಿದ, "ಇದಾದ್ರೆ ಎಡಗಾಲಿನ ಕೆಲಸಾನೇ ಇಲ್ಲ ಆಂಟಿ. ಬಲಗಾಲು ಸರಿಯಾಗಿದೆಯಲ್ಲ, ಅಷ್ಟು ಸಾಕು."

"ಬಲಗಾಲು ಸರಿ ಉಂಟು ಅಂತ ಯಾರು ಹೇಳಿದ್ದು?"

"ಉಂಟು, ಉಂಟು" ಎಂದ ಮುರಾರಿ ಅವಸರದಿಂದ.

"ಚಪ್ಪಲಿ ತೆಗೀರಿ. ಕಣ್ಣು ಮುಚ್ಚಿ. ನಾನು ಮುಟ್ಟಿದಾಗ ಹೇಳಿ."

"ಎಂತ ಇದು ಮಕ್ಕಳಾಟ, ಜನ ನೋಡ್ತಾರೆ."

"ನೋಡ್ಲಿ. ಕಣ್ಣು ಮುಚ್ಚಿ."

ಅವನು ಮುಚ್ಚಿದ. ಅವಳು ಬೆಂಚಿನಿಂದಿಳಿದು ಕುಕ್ಕರಗಾಲಲ್ಲಿ ಕೂತು, ಅವನ ಬಲಗಾಲಿನ ಹೆಬ್ಬೆರಳ ಮೇಲೆ ತನ್ನ ಬೆರಳಿಟ್ಟಳು. ಮೆಲ್ಲಗೆ ಒತ್ತಿದಳು. ಪಕ್ಕದ ಬೆರಳನ್ನೂ ಒತ್ತಿದಳು. ಅಂಗಾಲಿಗೆ ಉಗುರು ತಾಗಿಸಿದಳು.

"ಹೂಂ, ಮುಟ್ಟು" ಎಂದ ಮುರಾರಿ.

ಕಿಟ್ಟಿಯ ಬಾಯಿಂದ "ಅಯ್ಯೋ ದೇವರೇ" ಎಂದು ಹೊರಬಿತ್ತು. ಮುರಾರಿ ಕಣ್ಣು ಬಿಟ್ಟ. ತನ್ನ ಪಾದವನ್ನು ಹಿಡಿದುಕೊಂಡಿದ್ದ ಹೆಂಡತಿಯ ಕೈಯನ್ನು ಕಂಡ. ಊರ್ಮಿಳಾ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಮಾನಸಿಯ ಕೈಗೆ ಕೀ ವಾಪಸು ಕೊಟ್ಟಳು. ಗಾಡಿ ಚೆನ್ನಾಗಿದೆ, ನಮಗೆ ಆಗುವುದಿಲ್ಲ ಎಂದಳು.

ಠಾಣೆ ನಗರದ ಆಸ್ಪತ್ರೆಯ ಡಾಕ್ಟರು ಕಾಲುಗಳನ್ನು ತುಂಬ ಹೊತ್ತು ಪರೀಕ್ಷಿಸಿದರು. ನರಗಳು ಸೊರಗಿವೆ, ಸದ್ಯಕ್ಕೆ ಕೊಯ್ಯುವಂಥದ್ದೇನಿಲ್ಲ, ಆದರೆ ಇನ್ನೂ ತಡ ಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಎಡ ಅಂಗಾಲಿನ ಸುಟ್ಟ ಬೊಬ್ಬೆಗೆ ಪಟ್ಟಿ ಕಟ್ಟಿಸಿದರು. ನಾನು ಹೇಳುವ ತನಕ ಸ್ಟೀರಿಂಗ್ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದರು. ಮುರಾರಿ ಮೊದಲು ಕೇಳಿದ ಪ್ರಶ್ನೆ, "ವಾಶಿಗೆ ತರಕಾರಿ ತರ್ಲಿಕ್ಕೆ ಯಾರು ಹೋಗುದು?"

"ನಾನು ಹೋಗ್ತೇನೆ" ಎಂದಳು ಊರ್ಮಿಳಾ.

"ನೀನಾ?" ಎಂದು ಅವನು ನೋಡಿದ ನೋಟದಲ್ಲಿ ಈಗ ಅವನ ಸರದಿಯ ಅನುಮಾನ ತುಂಬಿತ್ತು.

ಜಟ್ಟೆಪ್ಪ ಹಳೆಯ ಗಾಡಿಗೆ ಹೊಸ ಕ್ಲಚ್ ಹಾಕಿಕೊಟ್ಟ. "ಮೊದ್ಲ ಒಂದೀಟು ಜಿಗೀತೈತ್ರಿ ಅಕ್ಕಾರ, ಅಂಜಬ್ಯಾಡ್ರಿ" ಎಂದ. ಬೆಳಗಿನ ಹೊತ್ತು ಎಂಐಡಿಸಿ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗಳಲ್ಲಿ ಕಿಟ್ಟಿ ಅವಳಿಗೆ ಮತ್ತೆ ಅಭ್ಯಾಸ ಮಾಡಿಸಿದ. ಅವನ ಮೇಲಿನ ಅವಳ ಸಿಟ್ಟು ಇಳಿಯಲು ಸಮಯ ಹಿಡಿಯಿತು. ಕಲಿಸುವಾಗಲೂ ಅವನು ಏನಾದರೂ ಮುಚ್ಚಿಡುತ್ತಿದ್ದಾನೆಯೇ ಎಂದು ಅವಳು ಎರಡೆರಡು ಸಲ ಕೇಳುತ್ತಿದ್ದಳು. ಮೂರು ಸಲ ಗಾಡಿ ಬಂದ್ ಆದರೂ ಕಿಟ್ಟಿ "ಚೆನ್ನಾಗ್ ಬಿಡ್ತಿದ್ದೀರಾ ಆಂಟಿ" ಎನ್ನುತ್ತಿದ್ದ. ಅದನ್ನೂ ಅವಳು ನಂಬಲಿಲ್ಲ.

ಮುರಾರಿ ಮನೆಯಲ್ಲಿ ಕೂರಲು ಒಪ್ಪಲಿಲ್ಲ. ಮೊದಲ ದಿನ ವಾಶಿಗೆ ಹೊರಟಾಗ ಮುತುವರ್ಜಿಯಿಂದ ಬೂಟು ಕಟ್ಟಿಕೊಂಡು ಎಡಬದಿಗೆ ಹತ್ತಿ ಕೂತ. ದಾರಿಯುದ್ದಕ್ಕೂ ಬಾಗಿಲ ಮೇಲಿನ ಹಿಡಿಯನ್ನು ಬಿಡಲಿಲ್ಲ. "ಸೆಕೆಂಡ್ ಹಾಕು", "ಟ್ರಕ್ ಬಂತು", "ಹಾರ್ನ್ ಹೊಡಿ" ಎನ್ನುತ್ತಲೇ ಇದ್ದ. ಶಿಲ್‌ಫಾಟಾದ ಏರಿನಲ್ಲಿ, ಕಂಟೇನರುಗಳ ನಡುವೆ, ಗಾಡಿ ಒಮ್ಮೆ ಜಿಗಿದು ಆಫ್ ಆಯಿತು. ಹಿಂದಿನಿಂದ ಹಾರ್ನುಗಳು ಒಟ್ಟಿಗೇ ಅರಚಿದವು. ಈಗ ಬೈಗುಳ ಬರುತ್ತದೆ, ಕೀ ಕೇಳುತ್ತಾನೆ ಎಂದು ಊರ್ಮಿಳಾ ಹಲ್ಲು ಕಚ್ಚಿ ಕಾದಳು.

ಮುರಾರಿ ಕಿಟಕಿಯ ಗಾಜು ಇಳಿಸಿದ. ಸೊಂಟದ ತನಕ ಹೊರಗೆ ಬಗ್ಗಿ ಹಿಂದಿನವರಿಗೆ ಗಂಟಲು ಹರಿಯುವ ಹಾಗೆ ಕೂಗಿದ, "ಅರೇ ಥಾಂಬ್ ನಾ! ಗಾಡಿ ಚಾಲೂ ಕರ್ತೇಯ್ ತೀ, ದಿಸತ್ ನಾಹೀ ಕಾ?" ಸ್ವಲ್ಪ ತಡಿಯೋ, ಅವಳು ಗಾಡಿ ಚಾಲೂ ಮಾಡುತ್ತಿದ್ದಾಳೆ, ಕಾಣುವುದಿಲ್ಲವೇ ಎಂದು.

ಆಮೇಲೆ ಒಳಗೆ ಬಂದು ಕೂತು, ಅವಳ ಕಡೆ ನೋಡದೆ, "ನೀನು ನಿಧಾನಕ್ಕೆ ತೆಗಿ" ಎಂದ.

ಅವಳು ಕೀ ತಿರುಗಿಸಿದಳು. ಎಡಗಾಲನ್ನು ಒಂದಿಷ್ಟೊಂದಿಷ್ಟೇ ಸಡಿಲಿಸಿದಳು. ಗಾಡಿ ಕಂಟೇನರಿನ ಬದಿಯಿಂದ ಏರು ಹತ್ತಿ, ಮಾರ್ಕೆಟ್ಟಿನ ದಾರಿ ಹಿಡಿಯಿತು.