ಮೌನಗೌರಿ ಜೋಡಿಸಿದ ಹಲ್ಲು

ವಾಪಸ್ ಬಂದ ಕಟ್ಟುಹಲ್ಲಿನ ಸೆಟ್ಟನ್ನು ಹಲ್ಲು ತಯಾರಿಸುವ ಲ್ಯಾಬಿನ ಯಜಮಾನರು ಅವಳ ಮೇಜಿನ ಮೇಲಿಟ್ಟು, ದಂತವೈದ್ಯರು ಹೇಳಿದ್ದನ್ನು ಮೆಲುದನಿಯಲ್ಲಿ ಒಪ್ಪಿಸಿದರು. ಅದನ್ನು ಬಾಯಿಗಿಟ್ಟು ನಕ್ಕ ನಿವೃತ್ತ ಟೀಚರಮ್ಮನನ್ನು ಕಂಡು ಮೊಮ್ಮಗಳು ಹೆದರಿ ಕಿಟಾರನೆ ಕಿರುಚಿದಳಂತೆ.

"ಹೆಣಕ್ಕೆ ಹಲ್ಲು ಕಟ್ಟಿದ ಹಾಗಿದೆ ಅಂದ್ರು," ಎಂದರು ಯಜಮಾನರು. "ನಾಳೆ ಮಧ್ಯಾಹ್ನದೊಳಗೆ ಬೇರೆ ಜೋಡಿಸಿ ಕೊಡಿ. ಅದೂ ವಾಪಸ್ ಬಂದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ."

ಅವಳ ಕೈಯಿಂದ ಹೋದ ಹಲ್ಲು ಇದುವರೆಗೆ ವಾಪಸ್ ಬಂದದ್ದೇ ಇಲ್ಲ. ಕಟ್ಟಿಸುವ ಹಲ್ಲು ಡಬ್ಬಿಯಲ್ಲಿ ಎಲ್ಲರಿಗೂ ಒಂದೇ ತರಹ ಬರುತ್ತದೆ. ಅದನ್ನು ಮೇಣದ ಒಸಡಿನಲ್ಲಿ ನೆಡುವಾಗ ಒಂದನ್ನು ಕೂದಲೆಳೆಯಷ್ಟು ವಾಲಿಸಿ, ಇನ್ನೊಂದನ್ನು ಕೊಂಚ ಹಿಂದೆ ಸರಿಸಿ ಬಾಯಿಗೆ ಜೀವ ತರುವುದರಲ್ಲಿ ಅವಳದು ಎತ್ತಿದ ಕೈ. ಈಗ ನೋಡಿದರೆ ಹಲ್ಲುಗಳು ಕವಾಯತಿಗೆ ನಿಂತ ಪೊಲೀಸರಂತೆ ನೆಟ್ಟಗಿದ್ದವು. ಇದು ತನ್ನ ಕೆಲಸವೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ಅವಳದೇ.

ಅದೂ ಇಂಥ ಜಾಗದಲ್ಲಿ. ಒಬ್ಬೊಬ್ಬರಿಗೂ ಒಂದೊಂದು ಮೇಜು, ಪಾಲಿಶ್ ಮೋಟರಿಗೆ ಬೇರೆ ಕೋಣೆ, ಸೂಜಿ ಬಿದ್ದರೂ ಕೇಳಿಸುವ ನಿಶ್ಶಬ್ದ. ಇದನ್ನು ಬಯಸಿಯೇ ಅವಳು ಭಾವನ ಲ್ಯಾಬ್ ಬಿಟ್ಟು ಬಂದದ್ದು. ಅಲ್ಲಿ ಒಂದೇ ಉದ್ದನೆಯ ಮೇಜಿಗೆ ಭಾವ, ಅಕ್ಕ, ಹಲ್ಲುಜ್ಜಿ ಹೊಳಪು ಕೊಡುವ ಪಾಲಿಶ್ ಮಾಮ ಎಲ್ಲರೂ ಅಂಟಿಕೊಂಡು ಕೂತು, ಬೆಳಗಿನಿಂದ ಸಂಜೆಯವರೆಗೂ ನಾಯಿ ಬೆಕ್ಕಿನಂತೆ ಕಚ್ಚಾಡುತ್ತಿದ್ದರು. ನಡುವೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ ಇವಳಿಗೆ ಮನೆಯವರಿಟ್ಟ ಹೆಸರು ಮೌನಗೌರಿ. ಈ ಸಂತೆಯಲ್ಲಿ ಮನುಷ್ಯರಾದವರು ಕೆಲಸ ಮಾಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಹೊರಟು ಬಂದಿದ್ದಳು.

ತಪ್ಪು ಹೊಸ ಚಾಕುವಿನದೇ ಇರಬೇಕು ಅನಿಸಿತು. ಮೇಣ ಕೆತ್ತುವ ಹಳೆಯ ಚಾಕು ಭಾವನ ಲ್ಯಾಬಿನಲ್ಲೇ ಉಳಿದಿತ್ತು. ಸಂಜೆ ಅಭಿಮಾನ ನುಂಗಿಕೊಂಡು ಅಲ್ಲಿಗೆ ಹೋದಳು.

ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಮಾತೇ ಇಲ್ಲ. ಭಾವ ಯಾರದೋ ಬಾಯಿಯ ಅಚ್ಚಿನ ಮೇಲೆ ಬಾಗಿದ್ದ. ಅಕ್ಕ ಅಚ್ಚಿಗೆ ಎರೆಯುವ ಗಾರೆ ಕಲಸುತ್ತಿದ್ದಳು. ಪಾಲಿಶ್ ಮಾಮ ತನ್ನಷ್ಟಕ್ಕೇ ಏನೋ ಗುನುಗುತ್ತಿದ್ದ. ಮಾತು ಬಿಡುವಷ್ಟು ದೊಡ್ಡ ಜಗಳವಾಯಿತೇ ಎಂದು ಅಕ್ಕನ ಕಿವಿಯಲ್ಲಿ ಕೇಳಿದಳು.

"ಜಗಳ ಎಲ್ಲಿಂದ ಬರ್ಬೇಕು?" ಅಕ್ಕ ನಕ್ಕಳು. "ಹಚ್ಚೋಳೇ ಹೋದ್ಲಲ್ಲ."

"ಯಾರು?"

"ಅಯ್ಯೋ ಗೊತ್ತಿಲ್ಲದವಳು. ನೀನೇ ಕಣೆ."

ತಮಾಷೆ ಎಂದುಕೊಂಡಳು. ಅಕ್ಕ ಗಾರೆ ಕಲಸುತ್ತಲೇ, ಹಳೆಯ ಸಂಗತಿಯೊಂದನ್ನು ನೆನಪಿಸುವಂತೆ ಹೇಳುತ್ತ ಹೋದಳು. ಹಲ್ಲಿನ ಡಬ್ಬಿ ತೆರೆದ ಕೂಡಲೇ ಇವಳು ತಲೆ ಎತ್ತದೆ ಒಂದು ಮಾತು ಬಿಡುತ್ತಿದ್ದಳಂತೆ: ಭಾವನ ಅಚ್ಚಿನಲ್ಲಿ ಗುಳ್ಳೆ ಇದೆ ಅಂತ ಮಾಮ ಅನ್ನುತ್ತಿದ್ದರು, ಮಾಮನ ಕೈ ನಿಧಾನವಾಯಿತು ಅಂತ ಅಕ್ಕ ಅನ್ನುತ್ತಿದ್ದಳು. ಕಡ್ಡಿ ಗೀರಿ ಎಸೆದರೆ ಮುಗಿಯಿತು. ಮಿಕ್ಕವರು ಹೊತ್ತಿ ಉರಿಯುತ್ತಿದ್ದರು.

"ನಾವು ಬಾಯಿ ಬಿಟ್ಟಾಗೆಲ್ಲ ನೀನು ನಮ್ಮ ಹಲ್ಲೇ ನೋಡ್ತಿದ್ದೆ. ಒಂದಿನಾನೂ ಮುಖ ನೋಡ್ಲಿಲ್ಲ," ಎಂದಳು ಅಕ್ಕ.

"ಈ ಊರಿನ ಅರ್ಧ ಮುದುಕರ ಬಾಯಲ್ಲಿರೋದು ನನ್ನ ಬೈಗುಳ ಕಣಮ್ಮ," ಎಂದ ಮಾಮ, ಕೋಪವಿಲ್ಲದೆ.

ಸುಳ್ಳು ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ನೆನಪಾದದ್ದು ಬೆರಳಿಗೆ: ಮಾಮನ ಮೇಲ್ತುಟಿ ಸಿಟ್ಟಿಗೆ ಏರಿದಾಗ ಕೋರೆಹಲ್ಲು ಇಣುಕುತ್ತಿದ್ದ ಓರೆ, ಅಕ್ಕ ಮೂದಲಿಸುವಾಗ ಮುಂದಿನೆರಡು ಹಲ್ಲಿನ ನಡುವೆ ಕಾಣುತ್ತಿದ್ದ ಸಂದು. ಆ ಓರೆ, ಆ ಸಂದು ಎಷ್ಟು ಬಾಯಿಗಳಿಗೆ ಹೋಗಿದ್ದವೋ.

ಇಲ್ಲಿಗೇ ವಾಪಸ್ ಬರಲೇ ಎಂದು ಕೇಳಿದಳು.

ಭಾವ ತಲೆ ಎತ್ತಲಿಲ್ಲ. "ಚಾಕು ಆ ಡಬ್ಬದಲ್ಲಿದೆ, ತಗೊಂಡು ಹೋಗು. ನೀನು ಹೋದ್ಮೇಲೆ ನನ್ನ ತಲೆನೋವು ನಿಂತಿದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಸಮಾಧಾನವಾಗಿ ಹೇಳಿದ.

ಮರುದಿನ ಹಳೆಯ ಚಾಕು ಹಿಡಿದು ಕೂತಳು. ಮೊದಲ ಹಲ್ಲು ನೆಟ್ಟಗೆ ನಿಂತಿತು. ಕಿತ್ತು ಮತ್ತೆ ನೆಟ್ಟಳು. ಮತ್ತೂ ನೆಟ್ಟಗೆ. ಎದುರಿನ ಮೇಜಿನಲ್ಲಿ ಹಲ್ಲಿಗೆ ಬಣ್ಣ ಕೊಡುವವನು, ಪಕ್ಕದಲ್ಲಿ ಅಚ್ಚು ಎರೆಯುವ ಹೆಂಗಸು, ಇಬ್ಬರೂ ತುಟಿ ಮುಚ್ಚಿ ಕೆಲಸದಲ್ಲಿ ಮುಳುಗಿದ್ದರು. ಒಳ್ಳೆಯವರು. ಇಷ್ಟು ದಿನ ಜೊತೆಗಿದ್ದರೂ ಅವರ ಹಲ್ಲು ಹೇಗಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಹತ್ತಿರವಾಗುತ್ತಿತ್ತು.

"ಅಕ್ಕಾವ್ರೇ," ಎಂದಿತು ಅವಳ ಬಾಯಿ, ಪಕ್ಕದ ಹೆಂಗಸಿಗೆ, "ನಿಮ್ಮ ಅಚ್ಚು ಒರಟು, ಅದಕ್ಕೇ ಬಣ್ಣ ಕೂರಲ್ಲ ಅಂತ ಇವರು ಹೇಳ್ತಿದ್ರು. ಹೌದಾ?"

ಬಣ್ಣದವನು ಹಾಗೆ ಹೇಳಿಯೇ ಇರಲಿಲ್ಲ. ಮಾತು ಎಷ್ಟು ನಯವಾಗಿ, ಎಷ್ಟು ಅಭ್ಯಾಸವಾದಂತೆ ಬಂತೆಂದರೆ, ಕೇಳಿದವರಲ್ಲಿ ಮೊದಲು ಬೆಚ್ಚಿದವಳು ಅವಳೇ.

ಹೆಂಗಸಿನ ಕೈ ಗಾರೆಯಲ್ಲೇ ನಿಂತಿತು. "ನಾನ್ಯಾವಾಗ ಅಂದೆ?" ಎಂದು ಬಣ್ಣದವನು ಎದ್ದ. ಅವನ ಮೇಲ್ತುಟಿ ಏರಿತು. ಎಡಗಡೆ ಒಂದು ಹಲ್ಲು ಪಕ್ಕದ್ದರ ಮೇಲೆ ಕೊಂಚವೇ ಹತ್ತಿ ಕೂತಿತ್ತು.

ಅವಳು ಮೇಣ ಮೆತ್ತಗಾಗಿಸಲು ಚಾಕುವನ್ನು ದೀಪಕ್ಕೆ ಹಿಡಿದಳು. ಮೇಣದಲ್ಲಿ ಎಡಗಡೆಯ ಹಲ್ಲನ್ನು ಪಕ್ಕದ್ದರ ಮೇಲೆ ಕೊಂಚವೇ ಹತ್ತಿಸಿ ಕೂರಿಸಿದಳು.